ಕೆಳದಿ ಚೆನ್ನಮ್ಮಾಜಿ ನಾಟಕ: ರಾಣಿ ಬರೀ ಮಾತಾಡ್ತಾಳೆ, ಏನೂ ಮಾಡ್ತಿಲ್ಲ. ಕರಡು ಸರಿಪಡಿಸೋದು ಹೇಗೆ?

ಹನುಮಂತನಗರ ತಾಲೀಮು:

ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಕೆಳದಿ ರಾಜ್ಯವನ್ನು ಆಳಿದ ರಾಣಿ ಚೆನ್ನಮ್ಮಾಜಿ ಮೇಲಿನ ನಾಟಕದ ಎರಡನೇ ಕರಡು ಮುಗಿದಿದೆ. 100 ನಿಮಿಷ, ಮಧ್ಯಂತರ ಇಲ್ಲ, 14 ಜನ ನಟರು. ಮೊದಲ ಪ್ರದರ್ಶನ ರವೀಂದ್ರ ಕಲಾಕ್ಷೇತ್ರದಲ್ಲಿ, ಆಮೇಲೆ ರಂಗಶಂಕರದಲ್ಲಿ ಮಾಡಬೇಕು ಅಂತ ಯೋಚನೆ. ಅವಳ ಗಂಡ ಸೋಮಶೇಖರ ನಾಯಕನ ಕೊನೆಯ ದಿನಗಳಿಂದ (1671ರ ಸುಮಾರು) ಶುರುವಾಗಿ 1689ರಲ್ಲಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಡುವಲ್ಲಿಗೆ ಕಥೆ ಮುಗಿಯುತ್ತದೆ.

ತೊಂದರೆ ಇಷ್ಟು. ರಾಣಿಯ ಮಾತು ಗಟ್ಟಿಯಾಗಿದೆ. ಆದರೆ ಒಂಬತ್ತು ದೃಶ್ಯಗಳಲ್ಲಿ ಐದರಲ್ಲಿ ಅವಳು ಸಿಂಹಾಸನದ ಮೇಲೆ ಕೂತು ಉತ್ತರ ಕೊಡುತ್ತಾಳೆ, ಎರಡರಲ್ಲಿ ಕತ್ತಿ ಹಿರಿಯುತ್ತಾಳೆ. ಓದಿ ಕೇಳಿಸಿದಾಗ ಎಲ್ಲರೂ ತಲೆದೂಗಿದರು, ಮುಂದೇನಾಗುತ್ತೆ ಅಂತ ಯಾರೂ ಕಾಯಲಿಲ್ಲ. ಉಡುಗೆ, ಪರಿಕರ, ಬೆಳಕಿನ ಬಗ್ಗೆಯೂ ಸಲಹೆ ಬೇಕು. ಬಜೆಟ್ ಸಣ್ಣದು.

ಕರಡು ತಿದ್ದುವವ:

ಕತ್ತಿ ಹಿರಿಯುವ ಎರಡೂ ದೃಶ್ಯಗಳನ್ನು ಸದ್ಯಕ್ಕೆ ಕಿತ್ತುಹಾಕಿ ಓದಿ ನೋಡಿ. ಕಥೆ ಎಲ್ಲೂ ಕಡಿಯದಿದ್ದರೆ ಆ ದೃಶ್ಯಗಳು ಅಲಂಕಾರಕ್ಕೆ ಇದ್ದವು ಅಂತಲೇ ಅರ್ಥ.

ಅಧಿಕಾರದ ಜಗಳ ಬರೆಯುವಾಗ ಯಾರು ಯಾರನ್ನು ದ್ವೇಷಿಸುತ್ತಾರೆ ಅನ್ನುವುದಕ್ಕಿಂತ ಯಾವ ವಸ್ತು ಯಾರ ಕೈಯಲ್ಲಿದೆ ಅನ್ನುವುದು ಮುಖ್ಯ. ಒಂದು ದೊಡ್ಡ ಹಾಳೆ ತಗೊಳ್ಳಿ. ಅಡ್ಡಕ್ಕೆ ಒಂಬತ್ತು ದೃಶ್ಯ, ಉದ್ದಕ್ಕೆ ಐದು ವಸ್ತು: ಬೊಕ್ಕಸದ ಬೀಗದ ಕೈ, ರಾಜಮುದ್ರೆ, ದಂಡು, ಉಗ್ರಾಣದ ಅಕ್ಕಿ, ದತ್ತು ಮಗ. ಪ್ರತಿ ಮನೆಯಲ್ಲೂ ಆ ದೃಶ್ಯದ ಕೊನೆಗೆ ಆ ವಸ್ತು ಯಾರ ವಶದಲ್ಲಿದೆ ಅಂತ ಬರೆಯಿರಿ. ಪಕ್ಕಪಕ್ಕದ ಎರಡು ಕಾಲಂ ಒಂದೇ ಥರ ಇದ್ದರೆ ನಡುವೆ ಏನೂ ನಡೆದಿಲ್ಲ. ಆ ದೃಶ್ಯ ಹಿಂದಿನದಕ್ಕೆ ಸೇರಿಕೊಳ್ಳಬೇಕು, ಇಲ್ಲವೇ ಹೋಗಬೇಕು. ನಿಮ್ಮ ಐದು ಸಿಂಹಾಸನದ ದೃಶ್ಯಗಳಲ್ಲಿ ಮೂರಾದರೂ ಹೀಗೆ ಬೀಳುತ್ತವೆ ಅನಿಸುತ್ತದೆ.

ಇನ್ನೊಂದು ಮಾತು. ಮೊದಲ ಮೂರನೇ ಒಂದು ಭಾಗದಲ್ಲಿ ಈ ಐದರಲ್ಲಿ ಒಂದೂ ರಾಣಿಯ ಕೈಯಲ್ಲಿ ಇರಬಾರದು. ಗಂಡ ಬದುಕಿದ್ದಾನೆ, ಆದರೆ ಬುದ್ಧಿ ಸ್ಥಿಮಿತದಲ್ಲಿಲ್ಲ. ಆಜ್ಞೆ ಅವನ ಹೆಸರಿನಲ್ಲಿ ಹೊರಡುತ್ತದೆ, ಬರೆಸುವವರು ಬೇರೆ. ಆ ಸ್ಥಿತಿಯಲ್ಲಿ ಅವಳು ಏನು ಮಾಡುತ್ತಾಳೋ ಅದರಲ್ಲೇ ಅವಳ ಛಲ ಕಾಣಬೇಕು. ಪಟ್ಟಕ್ಕೆ ಬಂದ ಮೇಲೆ ಗಟ್ಟಿಯಾಗಿ ಮಾತಾಡುವುದು ದೊಡ್ಡ ವಿಷಯವಲ್ಲ.

ಕಡತ ಬಳಪ:

ಮೇಲಿನವರು ಹೇಳಿದ ಹಾಳೆಗೆ ಬೇಕಾದ ಇತಿಹಾಸ ಸೇರಿಸುತ್ತೇನೆ.

ಚೆನ್ನಮ್ಮಾಜಿ ಕೋಟೆಪುರದ ಸಿದ್ದಪ್ಪ ಶೆಟ್ಟರ ಮಗಳು, ವ್ಯಾಪಾರಿ ಮನೆತನದವಳು. ಮದುವೆಯಾಗಿ ಬಂದದ್ದು ಶಿವಪ್ಪ ನಾಯಕನ ಮನೆಗೆ. ಶಿವಪ್ಪ ನಾಯಕ ಅಂದರೆ ಮಣ್ಣು, ಬೆಳೆ ನೋಡಿ ಕಂದಾಯ ಗೊತ್ತುಮಾಡಿದ ‘ಶಿಸ್ತು’ ಜಾರಿಗೆ ತಂದವನು. ಅಂದರೆ ತವರಿನಲ್ಲೂ ಲೆಕ್ಕ, ಗಂಡನ ಮನೆಯಲ್ಲೂ ಲೆಕ್ಕ. ನಾಟಕಕಾರರು ಇದನ್ನು ಬಿಟ್ಟು ಕುದುರೆ ಸವಾರಿಯ ಹಿಂದೆ ಹೋಗುವುದು ದೊಡ್ಡ ನಷ್ಟ. ನಿಮ್ಮ ನಾಯಕಿ ಲೆಕ್ಕ ಓದಬಲ್ಲ ಹೆಣ್ಣು. ಶತ್ರುಗಳು ಅದನ್ನು ತಡವಾಗಿ ತಿಳಿಯಬೇಕು.

ಮಕ್ಕಳಿರಲಿಲ್ಲ. ದತ್ತು ತಗೊಂಡ ಬಸಪ್ಪನೂ ವ್ಯಾಪಾರಿ ಮನೆಯ ಹುಡುಗನೇ, ಮಾರ್ಕಪ್ಪ ಶೆಟ್ಟರ ಮಗ. ಆಸ್ಥಾನದ ಪಂಗಡಗಳಿಗೆ ತಂತಮ್ಮ ಹುಡುಗ ಪಟ್ಟಕ್ಕೆ ಬರಬೇಕು ಅನ್ನುವ ಆಸೆ. ಅಲ್ಲೇ ನಿಮ್ಮ ನಾಟಕದ ನಡುಭಾಗ ಇದೆ. ಈ ಹುಡುಗನೇ ಮುಂದೆ ‘ಶಿವತತ್ತ್ವರತ್ನಾಕರ’ ಎಂಬ ಸಂಸ್ಕೃತ ವಿಶ್ವಕೋಶ ಬರೆದ ಬಸವಪ್ಪ ನಾಯಕ. ಅವನನ್ನು ತೊಡೆಯ ಮೇಲೆ ಕೂರುವ ಬೊಂಬೆ ಮಾಡಬೇಡಿ. ಪ್ರಶ್ನೆ ಕೇಳುವ ಹುಡುಗನಾಗಲಿ.

ಕಾಲದ ತಪ್ಪುಗಳ ಬಗ್ಗೆ ಎಚ್ಚರ. ಕೊನೆಯ ದೃಶ್ಯದಲ್ಲಿ ಬಿಜಾಪುರದ ರಾಯಭಾರಿ ಇದ್ದರೆ ತೆಗೆಯಿರಿ. ಬಿಜಾಪುರ 1686ರ ಸೆಪ್ಟೆಂಬರಿನಲ್ಲಿ ಔರಂಗಜೇಬನ ವಶವಾಯಿತು, 1689ಕ್ಕೆ ಆ ಆಸ್ಥಾನವೇ ಇಲ್ಲ. ಮೊದಲರ್ಧದ ಬೆದರಿಕೆ ಬಿಜಾಪುರದ ಆದಿಲ್‌ಶಾಹಿಯದು, ಕೊನೆಯ ಬೆದರಿಕೆ ಮೊಗಲರದು. 1672ರ ಕೊನೆಗೆ ಎರಡನೇ ಅಲಿ ಆದಿಲ್‌ಶಹಾ ತೀರಿಕೊಂಡು ಅಲ್ಲಿ ಚಿಕ್ಕ ಹುಡುಗ ಪಟ್ಟಕ್ಕೆ ಬಂದ. ಆಮೇಲೆ ಅವರ ಆಸ್ಥಾನದಲ್ಲೂ ಬಣಗಳ ಜಗಳ. ರಾಯಭಾರಿಯ ದನಿ ಎರಡನೇ ಭೇಟಿಯಲ್ಲಿ ಮೆತ್ತಗಾದರೆ ಅದಕ್ಕೆ ಕಾರಣ ಇತಿಹಾಸದಲ್ಲೇ ಇದೆ. ರಾಣಿಗೆ ಆ ಸುದ್ದಿ ಮೊದಲೇ ತಲುಪಿರಲಿ, ಅವಳು ಅದನ್ನು ಬಾಯಿಬಿಟ್ಟು ಹೇಳದಿರಲಿ.

ಹಿಂದಿನ ಸಾಲು:

ಎಲ್ಲಾ ಸರಿ. ಆದರೆ ಕಲಾಕ್ಷೇತ್ರದ ಹಿಂದಿನ ಸಾಲಿನಲ್ಲಿ ಕೂತ ಪ್ರೇಕ್ಷಕನಿಗೆ ಲೆಕ್ಕದ ಪುಸ್ತಕ ತೋರಿಸಿದರೆ ಚಪ್ಪಾಳೆ ಬರುತ್ತಾ? ವೀರರಾಣಿ ಅಂದಮೇಲೆ ಒಂದು ಸಲವಾದರೂ ಕತ್ತಿ ಎತ್ತಬೇಕು. ಕಿತ್ತೂರು ಚೆನ್ನಮ್ಮ, ಅಬ್ಬಕ್ಕ, ಓಬವ್ವ ಅಂತ ಕೇಳಿ ಬೆಳೆದ ಜನ. ಆ ನಿರೀಕ್ಷೆಯನ್ನು ಪೂರ್ತಿ ನಿರಾಸೆ ಮಾಡೋದು ಸರಿಯಲ್ಲ.

ಕರಡು ತಿದ್ದುವವ:

ನಿರೀಕ್ಷೆ ಇರುವುದು ನಿಜ, ಅದನ್ನು ಗೌರವಿಸಬೇಕು. ಆದರೆ ನೀವು ಹೇಳಿದ ಉದಾಹರಣೆಗಳನ್ನೇ ನೋಡಿ. ಕಿತ್ತೂರಿನ ಜಗಳ ಹೊತ್ತಿಕೊಂಡದ್ದು ಎಲ್ಲಿ? ಶಿವಲಿಂಗಪ್ಪನ ದತ್ತಕವನ್ನು ಕಂಪನಿ ಒಪ್ಪಲಿಲ್ಲ, ಬೊಕ್ಕಸಕ್ಕೆ ಮೊಹರು ಹಾಕಿ ಕಾವಲು ಕೂರಿಸಿದರು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದು ಅದರ ಪರಿಣಾಮ. ಅಲ್ಲೂ ದತ್ತು ಮಗ, ಬೊಕ್ಕಸ, ಮುದ್ರೆ. ಮೈಸೂರಿನ ರಾಣಿ ಲಕ್ಷ್ಮಮ್ಮಣ್ಣಿ ಅಂತೂ ಕತ್ತಿಯ ಹತ್ತಿರವೇ ಹೋದವರಲ್ಲ. ಹೈದರ್, ಟಿಪ್ಪು ಕಾಲದುದ್ದಕ್ಕೂ ಅರಮನೆಯ ಕಟ್ಟುಕಾವಲಿನಲ್ಲಿದ್ದುಕೊಂಡೇ ತಿರುಮಲ ರಾವ್ ಮೂಲಕ ಇಂಗ್ಲಿಷರ ಜೊತೆ ಮಾತುಕತೆ ನಡೆಸಿದರು. 1799ರಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜರು ಪಟ್ಟಕ್ಕೆ ಬಂದರು.

ಇನ್ನು ಚಪ್ಪಾಳೆ. ಕತ್ತಿ ಇರಲಿ, ಆದರೆ ಅದನ್ನು ತರುವುದು ದಳವಾಯಿ. ಮೂರನೇ ದೃಶ್ಯವನ್ನು ಹೀಗೆ ಕಟ್ಟಬಹುದು.

ದಳವಾಯಿಗೆ ತನ್ನ ಕಡೆಯ ಹುಡುಗನೇ ದತ್ತು ಆಗಬೇಕು. ರಾಣಿ ಒಪ್ಪಿಲ್ಲ. ರಾಜಧಾನಿ ಬಿದನೂರಿನ ತುಂಬಿದ ಸಭೆಯಲ್ಲಿ ಅವನು ಕತ್ತಿ ಬಿಚ್ಚಿ ಅವಳ ಮುಂದೆ ನೆಲಕ್ಕಿಡುತ್ತಾನೆ. ‘ಈ ಕತ್ತಿ ಇಲ್ಲದೆ ಬಿದನೂರು ಮೂರು ದಿನ ನಿಲ್ಲೋದಿಲ್ಲ. ಯೋಚನೆ ಮಾಡಿ ಕರೆಸಿಕೊಳ್ಳಿ’ ಅನ್ನುತ್ತಾನೆ. ಎಲ್ಲರೂ ಕತ್ತಿಯನ್ನೇ ನೋಡುತ್ತಾರೆ. ರಾಣಿ ಅದನ್ನು ಮುಟ್ಟುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಶಾನುಭೋಗರ ಕಡೆ ತಿರುಗುತ್ತಾಳೆ:

‘ಶಾನುಭೋಗರೇ, ಬರ್ಕೊಳ್ಳಿ. ಆಯುಧಶಾಲೆಗೆ ಕತ್ತಿ ಒಂದು ಜಮಾ.’

ಬಳಪ ಕಡತದ ಮೇಲೆ ಸರಿಯುವ ಸದ್ದು. ಆಮೇಲೆ ವೀಳ್ಯದ ತಟ್ಟೆ ತರಿಸುತ್ತಾಳೆ. ಸಭೆಯ ಕೊನೆಯಲ್ಲಿ ನಿಂತ ಕಿರಿಯ ಸರದಾರನನ್ನು ಹೆಸರು ಹಿಡಿದು ಕರೆದು ವೀಳ್ಯ ಕೊಡುತ್ತಾಳೆ. ರಣವೀಳ್ಯ ಕೊಟ್ಟರೆ ಕೆಲಸ ವಹಿಸಿದ ಹಾಗೆ ಅಂತ ನಮ್ಮ ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕಿಲ್ಲ. ದಳವಾಯಿ ಇನ್ನೂ ಅಲ್ಲೇ ನಿಂತಿದ್ದಾನೆ, ಸೊಂಟದ ಒರೆ ಖಾಲಿ. ಅಲ್ಲಿ ಬೆಳಕು ಇಳಿಸಿ. ಈ ಸಂಗತಿ ಕಲ್ಪಿತ, ಆದರೆ ಆ ಕಾಲದ ರೀತಿ ರಿವಾಜಿಗೆ ಹೊರತಲ್ಲ.

ಹಿಂದಿನ ಸಾಲು:

ಇದಕ್ಕೆ ಚಪ್ಪಾಳೆ ಬರುತ್ತೆ. ಒಪ್ಪಿದೆ. ಆದರೆ ‘ಬರ್ಕೊಳ್ಳಿ’ ಅನ್ನೋ ಮಾತು ಕೊನೆಯ ಸಾಲಿನವರೆಗೆ ಕೇಳಬೇಕು. ಮೆಲ್ಲಗೆ ಹೇಳಿದರೆ ದೃಶ್ಯ ಸತ್ತುಹೋಗುತ್ತೆ.

ಹನುಮಂತನಗರ ತಾಲೀಮು:

ಇದನ್ನು ನಾಳೆಯಿಂದಲೇ ತಾಲೀಮಿಗೆ ತಗೊಳ್ತೀವಿ. ಆದರೆ ಕರಡಿನಲ್ಲಿ ಕಡತ ಅಂತ ಬರೆದ ಕಡೆಯೆಲ್ಲ ನಾವು ತಾಳೆಗರಿ ಕಟ್ಟು ಇಟ್ಟಿದ್ದೆವು. ಕಡತ ಅಂದರೆ ಕರಿ ಬಟ್ಟೆಯ ಪುಸ್ತಕ ಅಲ್ಲವೇ? ಎಲ್ಲಿ ಸಿಗುತ್ತೆ?

ನೇಪಥ್ಯ:

ಸಿಗುವುದಿಲ್ಲ, ಮಾಡಿಕೊಳ್ಳಬೇಕು. ಖರ್ಚು ಕಡಿಮೆ, ಸಮಯ ಬೇಕು. ತಾಳೆಗರಿಯಲ್ಲಿ ಕಂಠದಿಂದ (ಕಬ್ಬಿಣದ ಲೇಖನಿ) ಕೊರೆದದ್ದು ಶಾಶ್ವತ. ಕಡತದ ಮೇಲೆ ಬಳಪದಲ್ಲಿ ಬರೆದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು. ನಾಟಕಕ್ಕೆ ಇದು ಚಿನ್ನದಂಥ ಸೌಲಭ್ಯ. ರಾಣಿ ಒಂದು ಮೊತ್ತವನ್ನು ಹೆಬ್ಬೆರಳಿನಿಂದ ಅಳಿಸಿ ಬೇರೆ ಮೊತ್ತ ಬರೆದರೆ ಪ್ರೇಕ್ಷಕರ ಕಣ್ಣೆದುರೇ ಅಧಿಕಾರ ಕೈ ಬದಲಾಯಿಸಿತು.

ಮಾಡುವ ಕ್ರಮ ಬರೆಯುತ್ತೇನೆ. ಬಿಳುಪು ಮಾಡದ ದಪ್ಪ ಖಾದಿ, 9 ಇಂಚು ಅಗಲ, 12 ಅಡಿ ಉದ್ದ. ಮೊದಲು ಬಿಸಿನೀರಿನಲ್ಲಿ ಒಗೆದು ಗಂಜಿ ತೆಗೆಯಿರಿ. ಗಂಜಿ ಉಳಿದರೆ ಮೇಲೆ ಬಳಿಯುವ ಸರಿ (ಹುಣಸೆಬೀಜದ ಅಂಟು) ಹಿಡಿಯುವುದಿಲ್ಲ, ಒಣಗಿದ ಮೇಲೆ ಹೊಪ್ಪಳಿಕೆ ಏಳುತ್ತದೆ. ಹುಣಸೆಬೀಜ ಹುರಿದು, ಕೆಂಪು ಸಿಪ್ಪೆ ತೆಗೆದು, ನುಣ್ಣಗೆ ಪುಡಿ ಮಾಡಿ. 100 ಗ್ರಾಂ ಪುಡಿಯನ್ನು ಮೊದಲು ತಣ್ಣೀರಿನಲ್ಲಿ ಕದಡಿ, ಆಮೇಲೆ ಒಂದು ಲೀಟರ್ ಆಗುವಷ್ಟು ನೀರು ಸೇರಿಸಿ ಸಣ್ಣ ಉರಿಯಲ್ಲಿ 20 ನಿಮಿಷ ಕೈಬಿಡದೆ ತಿರುಗಿಸಿ. ನೇರವಾಗಿ ಬಿಸಿನೀರಿಗೆ ಹಾಕಿದರೆ ಗಂಟು ಕಟ್ಟುತ್ತದೆ. ಸರಿ ಬೆರಳಿಗೆ ಅಂಟಿ ಎಳೆ ಬರುವಾಗ ಇಳಿಸಿ, ಬಟ್ಟೆಯಲ್ಲಿ ಸೋಸಿದ ಇದ್ದಿಲಪುಡಿ ಸುಮಾರು 70 ಗ್ರಾಂ ಕಲಸಿ. ಇದ್ದಿಲು ತರಿತರಿ ಇದ್ದರೆ ಬಳಪ ಕಿರುಗುಟ್ಟುತ್ತದೆ, ಅಕ್ಷರ ಹರಿಯುತ್ತದೆ.

ಬಟ್ಟೆಯನ್ನು ಹಲಗೆಗೆ ಬಿಗಿಯಾಗಿ ಮೊಳೆ ಹೊಡೆದು, ಅಗಲ ಬ್ರಷ್‌ನಲ್ಲಿ ಒಂದು ಬದಿಗೆ ತೆಳುವಾಗಿ ಬಳಿಯಿರಿ. ಪೂರ್ತಿ ಒಣಗಿದ ಮೇಲೆ ಇನ್ನೊಂದು ಬದಿ. ಹೀಗೆ ಎರಡೂ ಬದಿಗೆ ಎರಡೆರಡು ಸಲ. ಒಂದೇ ಸಲ ದಪ್ಪಗೆ ಬಳಿದರೆ ಮಡಿಕೆಯಲ್ಲಿ ಸೀಳುತ್ತದೆ, ಎಲ್ಲರೂ ಮಾಡುವ ತಪ್ಪು ಇದೇ. ಕೊನೆಯ ಸರಿ ಇನ್ನೂ ಸ್ವಲ್ಪ ಮೆತ್ತಗಿರುವಾಗಲೇ 9 ಇಂಚಿಗೊಂದರಂತೆ ಮುಂದೊಂದು ಹಿಂದೊಂದು ಮಡಿಕೆ ಹಾಕಿ, 16 ಮಡಿಕೆ ಬರುತ್ತದೆ. ಪೂರ್ತಿ ಒಣಗಿದ ಮೇಲೆ ನುಣುಪು ಕಲ್ಲಿನಿಂದ ತಿಕ್ಕಿ. ಎರಡು ತುದಿಗೆ ತೆಳು ಮರದ ಹಲಗೆ, ಕಟ್ಟಲು ದಾರ. ಹುಳು ಬಾರದಿರಲಿ ಅಂತ ಮೈಲುತುತ್ತ ಹಾಕುವ ರೂಢಿ ಉಂಟು, ಅದು ವಿಷ, ನಿಮಗೆ ಬೇಡ. ಹುಡುಗನೂ ಕಡತ ಹಿಡಿಯುತ್ತಾನೆ, ರಾಣಿಯ ಬೆರಳಿಗೂ ಅಂಟುತ್ತದೆ.

ಎರಡು ಮಾಡಿಡಿ. ಒಂದು ತಾಲೀಮಿಗೆ, ಒಂದು ಪ್ರದರ್ಶನಕ್ಕೆ.

ಬಳಪಕ್ಕೆ ಸ್ಲೇಟು ಕಡ್ಡಿ ಸಾಲದು, ಅಕ್ಷರ ತೆಳ್ಳಗೆ ಬರುತ್ತದೆ. ವೆಲ್ಡಿಂಗ್ ಕೆಲಸದವರು ಕಬ್ಬಿಣದ ಮೇಲೆ ಗುರುತು ಹಾಕಲು ಬಳಸುವ ಚಪ್ಪಟೆ ಬಳಪದ ಕಲ್ಲು ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ, ಅದು ಸರಿಯಾದ ವಸ್ತು.

ಇನ್ನೊಂದು, ವರಹದ ಬಗ್ಗೆ. ನಾಟಕಗಳಲ್ಲಿ ಬೊಕ್ಕಸ ಅಂದರೆ ಬಿಸ್ಕತ್ತಿನಷ್ಟು ದೊಡ್ಡ ನಾಣ್ಯ ತುಂಬಿದ ಕೊಪ್ಪರಿಗೆ. ಕೆಳದಿಯವರ ಚಿನ್ನದ ನಾಣ್ಯ ಇಕ್ಕೇರಿ ವರಹ ಒಂದಕ್ಕೆ ಸುಮಾರು 3.4 ಗ್ರಾಂ, ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಒಂದು ಬದಿ ಶಿವಪಾರ್ವತಿ, ಇನ್ನೊಂದು ಬದಿ ನಾಗರಿಯಲ್ಲಿ ಶ್ರೀ ಸದಾಶಿವ. ಸಾವಿರ ವರಹ ಅಂದರೆ ಮೂರೂವರೆ ಕಿಲೋಗಿಂತ ಕಡಿಮೆ, ಒಂದು ಸಣ್ಣ ಚೊಂಬಿನಲ್ಲಿ ಹಿಡಿಯುತ್ತದೆ. ಕೈಗೆ ಬಂದಾಗ ತೂಕ, ಕಣ್ಣಿಗೆ ಪುಟ್ಟದು. ಚೀಲದ ತಳಕ್ಕೆ ಮೀನಿನ ಬಲೆಯ ಸೀಸದ ಗುಂಡು ಅಥವಾ ಕಬ್ಬಿಣದ ವಾಷರ್ ಹೊಲಿದು ತೂಕ ತುಂಬಿಸಿ. ನಟ ಖಾಲಿ ಚೀಲವನ್ನು ಭಾರ ಅಂತ ನಟಿಸಿದರೆ ಮುಂದಿನ ಸಾಲಿನವರಿಗೆ ಕೂಡಲೇ ಗೊತ್ತಾಗುತ್ತದೆ.

ತೋಪುತೆನೆ:

ಉಡುಗೆ ವಿಷಯಕ್ಕೆ ಬರುತ್ತೇನೆ. ಬಾಡಿಗೆ ಅಂಗಡಿಯಲ್ಲಿ ‘ರಾಣಿ ಸೆಟ್’ ಕೇಳಿದರೆ ಕೊಡುವುದು ಮಿಂಚುವ ವೆಲ್ವೆಟ್, ಹಣೆಪಟ್ಟಿ, ಎತ್ತರದ ಕಿರೀಟ. ಪೌರಾಣಿಕ ನಾಟಕಕ್ಕೆ ಅದು ಸರಿ, ಇಲ್ಲಿಗೆ ಸಲ್ಲ. ಕೆಳದಿಯವರು ವೀರಶೈವರು. ರಾಣಿಯ ಮೈಮೇಲೆ ಮೊದಲು ಇರಬೇಕಾದದ್ದು ಇಷ್ಟಲಿಂಗದ ಕರಡಿಗೆ ಮತ್ತು ಹಣೆಯ ವಿಭೂತಿ. ಗಂಡ ತೀರಿಕೊಂಡ ಮೇಲೂ ಲಿಂಗ ಕೊರಳಲ್ಲೇ ಇರುತ್ತದೆ. ವಿಧವೆ ಅಂತ ತೋರಿಸಲು ತಲೆ ಬೋಳಿಸಿ ಕೆಂಪು ಸೀರೆ ಹೊದಿಸುವುದು ಬೇರೆ ಸಮುದಾಯದ ರೂಢಿ, ಅದನ್ನು ಇಲ್ಲಿಗೆ ತರಬೇಡಿ. ಮೊದಲ ಎರಡು ದೃಶ್ಯದಲ್ಲಿ ಕುಂಕುಮ, ತಾಳಿ, ಹಸಿರು ಬಳೆ, ಮುತ್ತಿನ ಸರ. ಆಮೇಲೆ ಅವು ಇಲ್ಲ. ವಿಭೂತಿ, ಲಿಂಗ, ಬೆರಳಿನಲ್ಲಿ ಮುದ್ರೆಯುಂಗುರ. ಒಡವೆ ಕಡಿಮೆಯಾದಷ್ಟೂ ಅಧಿಕಾರ ಹೆಚ್ಚಾಗುವುದು ಪ್ರೇಕ್ಷಕರಿಗೆ ತಾನಾಗಿ ಕಾಣುತ್ತದೆ.

ಸರಳ ಉಡುಗೆಯಲ್ಲಿ ರಾಣಿ ಅನಿಸುವುದಿಲ್ಲ ಅನ್ನುವವರಿಗೆ ಒಂದು ಮಾತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ನೋಡಿದಾಗ ಅವಳು ಸಾದಾ ಹತ್ತಿ ಬಟ್ಟೆಯಲ್ಲಿ ಬರಿಗಾಲಲ್ಲಿ ನಡೆದು ಬರುತ್ತಿದ್ದಳು.

ಸೀರೆಗೆ ಒಂಬತ್ತು ಗಜದ ಕಚ್ಚೆ ಸೀರೆ. ಇಳಕಲ್ ಹತ್ತಿ ಮೈ, ರೇಷ್ಮೆ ಸೆರಗು, ಸೆರಗಿಗೆ ತೋಪುತೆನೆ ವಿನ್ಯಾಸ. ದೂರಕ್ಕೆ ಸೆರಗಿನ ಕೆಂಪು-ಬಿಳಿ ಎದ್ದು ಕಾಣುತ್ತದೆ, ಹತ್ತಿ ಮೈ ಬೆಳಕಿಗೆ ಹೊಳೆಯುವುದಿಲ್ಲ. ಮಲೆನಾಡಿನ ಆಸ್ಥಾನಕ್ಕೆ ಇಳಕಲ್ ತರುವುದು ರಂಗದ ಅನುಕೂಲಕ್ಕೆ, ಅದನ್ನು ಒಪ್ಪಿಕೊಂಡೇ ಬಳಸಿ. ಸಾದಾ ಮೈಯ ಜರಿ ಅಂಚಿನ ಮೈಸೂರು ಸಿಲ್ಕ್ ಮಾತ್ರ ಬೇಡ. ಆ ಕಾರ್ಖಾನೆ ಶುರುವಾದದ್ದು 1912ರಲ್ಲಿ, ಬೆಂಗಳೂರಿನ ಪ್ರೇಕ್ಷಕರಿಗೆ ಅದು ಮದುವೆ ಮನೆಯ ಸೀರೆ. ಪಫ್ ತೋಳಿನ ರವಿಕೆಯೂ ಬೇಡ. ಗುಳೇದಗುಡ್ಡದ ಖಣದಲ್ಲಿ ಮೊಣಕೈವರೆಗಿನ ಬಿಗಿ ತೋಳು ಹೊಲಿಸಿ.

ಕಾಸಿನ ಸರ ಬಾಡಿಗೆಗೆ ತರುವಾಗ ಕಾಸುಗಳನ್ನು ಒಂದೊಂದಾಗಿ ನೋಡಿ. ಅಂಗಡಿಯಲ್ಲಿರುವ ಬಹಳಷ್ಟರಲ್ಲಿ ವಿಕ್ಟೋರಿಯಾ ಇಲ್ಲವೇ ಐದನೇ ಜಾರ್ಜ್ ಮುಖ ಇರುತ್ತದೆ. ಫೋಟೋ ತೆಗೆದು ದೊಡ್ಡದು ಮಾಡಿದಾಗ ಬಯಲಾಗುತ್ತದೆ.

ವೇಷ ಬದಲಾವಣೆಯ ಲೆಕ್ಕ: ಒಂಬತ್ತು ಗಜ ಉಡಿಸಲು ಕೈ ಪಳಗಿದವರಿಗೂ ಆರೇಳು ನಿಮಿಷ ಬೇಕು. ಎರಡನೇ ದೃಶ್ಯದಿಂದ ಮೂರನೆಯದಕ್ಕೆ ನಿಮ್ಮ ಹತ್ತಿರ ಅಷ್ಟು ಹೊತ್ತಿಲ್ಲ. ಕಚ್ಚೆಯನ್ನು ಮೊದಲೇ ಹೊಲಿದು, ಸೊಂಟಕ್ಕೆ ಅಗಲ ನಾಡಾ, ಹಿಂದೆ ಎರಡು ದೊಡ್ಡ ಹುಕ್ಕು. ವೆಲ್ಕ್ರೋ ಹಾಕಿದರೆ ಬಿಚ್ಚುವ ಸದ್ದು ಸ್ತಬ್ಧ ದೃಶ್ಯದಲ್ಲಿ ಮುಂದಿನ ಸಾಲಿಗೆ ಕೇಳುತ್ತದೆ. ಹೀಗೆ ಹೊಲಿದದ್ದಾದರೆ 90 ಸೆಕೆಂಡಿನಲ್ಲಿ ಬದಲಾಗುತ್ತದೆ, ಒಬ್ಬರು ಸಹಾಯಕ್ಕೆ ಇರಬೇಕು. ಗಾಜಿನ ಬಳೆ ಎರಡನೇ ದೃಶ್ಯದವರೆಗೆ ಮಾತ್ರ ಇರುವುದರಿಂದ ಅದರ ಸದ್ದನ್ನೂ ಬಳಸಿಕೊಳ್ಳಿ. ಆಮೇಲೆ ಅವಳು ಕೈ ಎತ್ತಿದಾಗ ಸದ್ದೇ ಇರುವುದಿಲ್ಲ.

ಬೆಳಕಿನ ಕೋಣೆ:

ಕಡತ ಕಪ್ಪು. ಹಿನ್ನೆಲೆಯೂ ಕಪ್ಪು ಪರದೆ ಆದರೆ ಅದು ಕಾಣುವುದೇ ಇಲ್ಲ. ಕೆಳಗೆ ತಿಳಿ ಬಣ್ಣದ ಜಮಖಾನೆ ಹಾಸಿ, ಮೇಲಿನಿಂದ ಒಂದು ಪ್ರೊಫೈಲ್ ಲೈಟು ಆ ಜಾಗಕ್ಕೇ ಕಟ್ ಮಾಡಿ ಬಿಡಿ. ಅಕ್ಷರ ಮೂರು ಇಂಚು ಎತ್ತರ ಬರೆದರೂ ಎಂಟು ಹತ್ತು ಸಾಲಿಗಿಂತ ಹಿಂದೆ ಓದಲಾಗದು. ಅಳಿಸುವ ಕ್ರಿಯೆ ಮಾತ್ರ ಎಲ್ಲರಿಗೂ ಕಾಣುತ್ತದೆ, ಮೊತ್ತವನ್ನು ಯಾರಾದರೂ ಬಾಯಲ್ಲಿ ಹೇಳಲೇಬೇಕು.

ವಿಭೂತಿ ಬಳಿದ ಹಣೆಗೆ ನೇರ ಬಿಳಿ ಬೆಳಕು ಬಿದ್ದರೆ ಹಣೆ ಹೊಳೆದು ಕಣ್ಣು ಗುಳಿ ಬೀಳುತ್ತದೆ. ಎರಡು ಪಕ್ಕದಿಂದ 45 ಡಿಗ್ರಿ, ತಿಳಿ ಅಂಬರ್. ಜರಿ ಇರುವ ವೇಷಗಳಿಗೂ ಇದೇ ಒಳ್ಳೆಯದು, ತಣ್ಣನೆಯ ಎಲ್‌ಇಡಿಯಲ್ಲಿ ಅಗ್ಗದ ಜರಿ ಪ್ಲಾಸ್ಟಿಕ್ ಥರ ಕಾಣುತ್ತದೆ.

ಕಲಾಕ್ಷೇತ್ರ ಚೌಕಟ್ಟಿನ ವೇದಿಕೆ. ರಂಗಶಂಕರದಲ್ಲಿ ಪ್ರೇಕ್ಷಕರು ಮೂರು ಬದಿಗೆ. ದಳವಾಯಿ ಕತ್ತಿ ಇಟ್ಟು ನಿಂತ ಜಾಗ ಮುಂದಕ್ಕೆ ಬಂದರೆ ಅಲ್ಲಿ ಒಂದು ಬದಿಗೆ ಅವನ ಬೆನ್ನೇ ಕಾಣುತ್ತದೆ. ಎರಡಕ್ಕೂ ಬೇರೆ ಬೇರೆ ನಿಲುವು ಈಗಲೇ ಕಟ್ಟಿಕೊಳ್ಳಿ. ರಾಣಿಯನ್ನು ಗದ್ದುಗೆಯ ಮೇಲೆ ಲೋಡಿಗೆ ಒರಗಿಸಿ ಕೂರಿಸುವುದಾದರೆ ಕಲಾಕ್ಷೇತ್ರಕ್ಕೆ 18 ಇಂಚಿನ ಮೆಟ್ಟಿಲು, ರಂಗಶಂಕರಕ್ಕೆ 8 ಇಂಚು ಸಾಕು. ಮೇಲಿನಿಂದ ನೋಡುವ ಪ್ರೇಕ್ಷಕರಿಗೆ ಎತ್ತರ ಬೇಕಿಲ್ಲ.

ನಿಜವಾದ ದೀಪ ಹಚ್ಚುವ ಯೋಚನೆ ಇದ್ದರೆ ಸಭಾಂಗಣದವರ ಅನುಮತಿ ಮುಂಚೆಯೇ ಬರಹದಲ್ಲಿ ತಗೊಳ್ಳಿ. ಹತ್ತಿ ಸೆರಗು ಬೆಂಕಿಯ ಪಕ್ಕ ಹಾಯುವ ಯಾವ ಚಲನೆಯೂ ಬೇಡ.

ಹನುಮಂತನಗರ ತಾಲೀಮು:

ಎಲ್ಲವನ್ನೂ ಬರೆದುಕೊಂಡೆವು. ಎರಡು ಪ್ರಶ್ನೆ ಉಳಿದಿದೆ. ಕಲಾವತಿ ಪಾತ್ರ: ಸೋಮಶೇಖರನನ್ನು ಹಾಳುಮಾಡಿದ ನರ್ತಕಿ ಅಂತಲೇ ಕಥೆಗಳಲ್ಲಿ ಬರುತ್ತೆ, ಹಿಂದೆ ಭರಮೆ ಮಾವುತನ ಕೈವಾಡ. ಅವಳನ್ನು ಹಾಗೇ ಇಡಬೇಕಾ? ಎರಡನೆಯದು ರಾಜಾರಾಮನ ದೃಶ್ಯ. ಈಗ ಹೊರಗೆ ಧಾರಾಕಾರ ಮಳೆ, ರಾಣಿ ಎದ್ದು ನಿಂತು ‘ಶರಣು ಬಂದವರನ್ನು ಕೈಬಿಡೋದಿಲ್ಲ’ ಅಂತ ಘೋಷಿಸುತ್ತಾಳೆ.

ಕರಡು ತಿದ್ದುವವ:

ಕಲಾವತಿಗೆ ಒಂದೇ ಒಂದು ದೃಶ್ಯ ರಾಣಿಯ ಜೊತೆ ಕೊಡಿ, ಇಬ್ಬರೇ, ನಾಲ್ಕು ನಿಮಿಷ. ಅವಳಿಗೂ ಕಳೆದುಕೊಳ್ಳುವುದು ಇದೆ. ಅರಸ ಸತ್ತ ದಿನವೇ ಅವಳ ನೆಲೆ ಹೋಗುತ್ತದೆ, ಭರಮೆಗೆ ಆಮೇಲೆ ಅವಳಿಂದ ಉಪಯೋಗ ಇಲ್ಲ. ಅದನ್ನು ಅವಳಿಗೆ ಮೊದಲು ತಿಳಿಸುವವಳು ರಾಣಿಯಾಗಲಿ, ಅದೂ ಬೈಯದೆ. ಅರಮನೆಯ ಬೀಗದ ಕೈ ಎಲ್ಲಿದೆ ಅನ್ನುವ ಮಾಹಿತಿ ಅಲ್ಲಿಂದ ಬರಬಹುದು. ನಿಮ್ಮ ಹಾಳೆಯಲ್ಲಿ ಮೊದಲ ವಸ್ತು ಕೈ ಬದಲಾಯಿಸುವುದು ಹೀಗೆ. ಇಬ್ಬರು ಹೆಂಗಸರ ಹೊಟ್ಟೆಕಿಚ್ಚಿನ ಜಗಳ ಮಾಡಿದರೆ ಅಧಿಕಾರದ ಕಥೆ ಅಲ್ಲಿಗೆ ಮುಗಿಯಿತು, ಆಮೇಲೆ ಎಷ್ಟು ಎತ್ತಿದರೂ ಏಳುವುದಿಲ್ಲ.

ಕಡತ ಬಳಪ:

ಮಳೆ ತೆಗೆಯಿರಿ, ಅಥವಾ ಕಡಿಮೆ ಮಾಡಿ. ರಾಜಾರಾಮ ಪನ್ಹಾಳ ಕೋಟೆಯಿಂದ ವೇಷ ಮರೆಸಿ ಹೊರಟದ್ದು 1689ರ ಸೆಪ್ಟೆಂಬರ್ ಕೊನೆಗೆ, ತಮಿಳುನಾಡಿನ ಜಿಂಜಿ ಕೋಟೆ ಸೇರಿದ್ದು ನವೆಂಬರ್ ಹೊತ್ತಿಗೆ. ಬಿದನೂರು ಸೀಮೆ ದಾಟಿದ್ದು ಇದರ ನಡುವೆ. ಆಷಾಢದ ಧೋ ಮಳೆ ಅಲ್ಲ. ಮಧ್ಯಾಹ್ನದ ಮೇಲೆ ಗುಡುಗಿ ಒಂದು ಹೊತ್ತು ಸುರಿದು ಬಿಡುವ ಮಳೆ. ಶಬ್ದ ವಿನ್ಯಾಸಕ್ಕೆ ದೂರದ ಗುಡುಗು, ಹೆಂಚಿನಿಂದ ತೊಟ್ಟಿಕ್ಕುವ ನೀರು ಸಾಕು. ಮಾತೂ ಕೇಳುತ್ತದೆ.

ಇದರಿಂದ ನಾಟಕಕ್ಕೂ ಲಾಭ. ಮಳೆಗಾಲ ಮುಗಿಯುತ್ತಾ ಬಂದಿದೆ ಅಂದರೆ ಘಟ್ಟದ ದಾರಿ ತೆರೆಯುತ್ತದೆ, ಔರಂಗಜೇಬನ ದಂಡು ಬರಬಹುದು. ಮಂತ್ರಿಗಳ ಹೆದರಿಕೆಗೆ ಬಲವಾದ ಕಾರಣ ಸಿಕ್ಕಿತು. ಆ ವರ್ಷದ ಮಾರ್ಚಿನಲ್ಲಿ ಔರಂಗಜೇಬ ರಾಜಾರಾಮನ ಅಣ್ಣ ಸಂಭಾಜಿಯನ್ನು ಕೊಂದ ಸುದ್ದಿ ಎಲ್ಲರಿಗೂ ಗೊತ್ತು. ಬೇಡ ಅನ್ನುವ ಮಂತ್ರಿ ಹೇಡಿಯಲ್ಲ, ಲೆಕ್ಕ ಬಲ್ಲವನು. ಅವನ ವಾದ ರಾಣಿಯ ವಾದದಷ್ಟೇ ಗಟ್ಟಿ ಇರಬೇಕು.

ರಾಣಿ ಘೋಷಣೆ ಮಾಡುವ ಮೊದಲು ಪ್ರಶ್ನೆ ಕೇಳಲಿ. ಎಷ್ಟು ಜನ ಬಂದಿದ್ದಾರೆ, ಎಷ್ಟು ದಿನ ಇರುತ್ತಾರೆ, ಮುಂದೆ ಎಲ್ಲಿಗೆ? ಕವಲೇದುರ್ಗದಲ್ಲಿ ಅಕ್ಕಿ ಎಷ್ಟಿದೆ? ಕವಲೇದುರ್ಗಕ್ಕೆ ಭುವನಗಿರಿ ಅಂತಲೂ ಹೆಸರು. ಗಂಡ ಸತ್ತ ಕಾಲದಲ್ಲಿ ಅವಳು ಬೊಕ್ಕಸ ಸಾಗಿಸಿ ಆಸರೆ ಪಡೆದದ್ದು ಅಲ್ಲೇ. ಅಂದರೆ ಶರಣು ಬರುವುದು ಏನು ಅಂತ ಅವಳಿಗೆ ಗೊತ್ತು. ಅದನ್ನು ಅವಳ ಬಾಯಲ್ಲಿ ಹೇಳಿಸಬೇಡಿ, ದುರ್ಗದ ಹೆಸರು ಬಂದಾಗ ಶಾನುಭೋಗರು ಒಂದು ಸಲ ತಲೆ ಎತ್ತಿ ನೋಡಿದರೆ ಸಾಕು.

ತೋಪುತೆನೆ:

ಆ ದೃಶ್ಯದಲ್ಲಿ ರಾಜಾರಾಮ ಯಾತ್ರಿಕನ ವೇಷದಲ್ಲಿದ್ದಾನೆ ಅಂದರೆ ಬಟ್ಟೆ ಹಳೆಯದಾಗಿ ಕಾಣಬೇಕು. ಹೊಸ ಕಾವಿ ಬಟ್ಟೆ ತಂದು ಹಾಗೇ ಉಡಿಸಬೇಡಿ. ಗಟ್ಟಿ ಚಹಾ ಡಿಕಾಕ್ಷನ್‌ನಲ್ಲಿ ಒಂದು ರಾತ್ರಿ ನೆನೆಸಿ, ಹಿಂಡದೆ ಒಣಗಿಸಿ, ಮೊಣಕಾಲು ಮತ್ತು ಅಂಚಿಗೆ ಮರಳು ಕಾಗದ ಉಜ್ಜಿ. ಕೆಳಗಿನ ಒಂದು ಗೇಣಿಗೆ ಕೆಮ್ಮಣ್ಣಿನ ನೀರು. ಕೆಮ್ಮಣ್ಣು ಒಣಗಿದ ಮೇಲೆ ಚೆನ್ನಾಗಿ ಕೊಡವಿ, ಇಲ್ಲದಿದ್ದರೆ ವೇದಿಕೆ ಮೇಲೆ ಉದುರಿ ಬರಿಗಾಲಿನ ನಟರ ಹೆಜ್ಜೆ ಗುರುತು ಉಳಿಯುತ್ತದೆ.

ಹಿಂದಿನ ಸಾಲು:

ಸಂಬೋಧನೆ ಬಗ್ಗೆ ಒಂದು ಮಾತು. ಕರಡಿನಲ್ಲಿ ಮಂತ್ರಿ ರಾಣಿಗೆ ‘ಮಹಾರಾಣಿ, ನೀನು’ ಅಂದದ್ದು ಪೌರಾಣಿಕದ ಅಭ್ಯಾಸ. ಇಲ್ಲಿ ‘ಅಮ್ಮಾಜಿಯವರು ಚಿತ್ತೈಸಬೇಕು’ ಅಂತ ಬಂದರೆ ಹೊಂದುತ್ತೆ, ಹೆಸರಿನಲ್ಲೇ ಚೆನ್ನಮ್ಮಾಜಿ ಅಂತ ಇದೆಯಲ್ಲ. ರಾಣಿಯೂ ದಳವಾಯಿಗೆ ‘ನೀವು’ ಅನ್ನಲಿ. ಕತ್ತಿ ಕೆಳಗಿಟ್ಟ ಮೇಲೂ ‘ನೀವು’ ಅಂತಲೇ ಮಾತಾಡಿದರೆ ಅವನಿಗೆ ಇನ್ನೂ ಜಾಸ್ತಿ ನೋವಾಗುತ್ತೆ. ಆದರೆ 100 ನಿಮಿಷವೂ ‘ಚಿತ್ತೈಸಬೇಕು, ಬಿನ್ನಹ, ನಿರೂಪ’ ಅಂತ ತುಂಬಿದರೆ ಕೇಳೋಕೆ ಆಗಲ್ಲ. ಸಭೆಯಲ್ಲಿ ಆ ಭಾಷೆ, ಒಳಮನೆಯಲ್ಲಿ ಆಡುಮಾತು.

ಹನುಮಂತನಗರ ತಾಲೀಮು:

ಹಾಳೆ ಹಾಕಿ ನೋಡಿದೆವು. ಒಂಬತ್ತು ದೃಶ್ಯ ಆರಕ್ಕೆ ಇಳಿದಿದೆ. ಕತ್ತಿ ಒಂದೇ ಸಲ ಬರುತ್ತದೆ, ದಳವಾಯಿಯ ಕೈಯಲ್ಲಿ. ಕೊನೆಯ ದೃಶ್ಯದಲ್ಲಿ ಮಂತ್ರಿಯ ವಾದ ಮುಗಿದ ಮೇಲೆ ರಾಣಿ ಹುಡುಗ ಬಸಪ್ಪನ ಕೈಗೆ ಬಳಪ ಕೊಟ್ಟು ‘ಬರಿ. ಅತಿಥಿಗಳ ಖರ್ಚು’ ಅನ್ನುತ್ತಾಳೆ. ಅವನು ‘ಎಷ್ಟು ದಿನಕ್ಕೆ?’ ಅಂತ ಕೇಳುತ್ತಾನೆ.

ಕೊನೆಯದಾಗಿ ನೇಪಥ್ಯ ಅವರಿಗೆ: ಮೊದಲ ಕಡತ ಬಳಿದಿದ್ದೇವೆ. ಮೂರು ದಿನವಾದರೂ ಅಂಟಂಟು ಬಿಟ್ಟಿಲ್ಲ. ಬೆಂಗಳೂರಲ್ಲಿ ಈಗ ದಿನಾ ಸಂಜೆ ಮಳೆ.

ನೇಪಥ್ಯ:

ಹುಣಸೆಬೀಜದ ಸರಿ ಪೂರ್ತಿ ಬೆಂದಿಲ್ಲ, ಇಲ್ಲವೇ ಎರಡನೇ ಸಲ ಬಳಿಯುವಾಗ ಮೊದಲಿನದು ಒಳಗೆ ಹಸಿ ಇತ್ತು. ಬಿಸಿಲಿಗೆ ಹಾಕಬೇಡಿ, ಮೇಲ್ಪದರ ಬಿಗಿದು ಒಳಗೆ ಹಸಿಯೇ ಉಳಿಯುತ್ತದೆ. ಹೇರ್ ಡ್ರೈಯರ್‌ ಕೂಡ ಬೇಡ. ಮಡಿಕೆ ಬಿಡಿಸಿ ಹಗ್ಗಕ್ಕೆ ಉದ್ದಕ್ಕೆ ತೂಗುಹಾಕಿ, ಎರಡು ದಿನ ಫ್ಯಾನ್ ಗಾಳಿ ಕೊಡಿ. ಆಮೇಲೂ ಅಂಟಿದರೆ ಇದ್ದಿಲಪುಡಿಯನ್ನು ಒಣ ಬಟ್ಟೆಯಲ್ಲಿ ಅದ್ದಿ ಎರಡೂ ಬದಿಗೆ ಉಜ್ಜಿ, ಮತ್ತೆ ಕಲ್ಲಿನಿಂದ ತಿಕ್ಕಿ. ಮಡಿಸಿಡುವಾಗ ಪ್ರತಿ ಮಡಿಕೆಯ ನಡುವೆ ಹಳೆಯ ಪೇಪರ್ ಇಡಿ, ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ, ಬೂಷ್ಟು ಬರುತ್ತದೆ. ಹುಡುಗ ಬರೆಯುವ ಮಡಿಕೆ ಯಾವುದು ಅಂತ ಮೊದಲೇ ಗೊತ್ತುಮಾಡಿ, ಅದರ ಅಂಚಿಗೆ ಬಿಳಿ ದಾರದ ಒಂದು ಹೊಲಿಗೆ ಹಾಕಿ. ಕತ್ತಲಲ್ಲಿ ತೆರೆಯುವಾಗ ಬೆರಳಿಗೆ ಸಿಗುತ್ತದೆ.